ಸಿಂಗಲ್ ಶಾಟ್ ರೈಫಲ್‌ನ ಬಿಗಿ ಟ್ರಿಗರ್: ಅರ ಹಿಡಿಯುವ ಮೊದಲು ಅಳೆದು ನೋಡಬೇಕಾದದ್ದು

ಪ್ರಶ್ನೆ: ನನ್ನ ಬಳಿ ನಳಿಗೆಯನ್ನು ಮಡಚಿ ತೆರೆಯುವ, ಒಂದು ಸಲಕ್ಕೆ ಒಂದೇ ತೋಟಾ ತುಂಬುವ ಬೇಟೆ ರೈಫಲ್ ಇದೆ. ಕುದುರೆ (ಹ್ಯಾಮರ್) ಹೊರಗೇ ಕಾಣುತ್ತದೆ. ಒಳಗೆ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆದಾಗ ಮಾತ್ರ ಕುದುರೆಯ ಪೆಟ್ಟನ್ನು ದಾಟಿಸುವ ಸುರಕ್ಷತಾ ಪಟ್ಟಿ) ವ್ಯವಸ್ಥೆ ಇದೆ. ರೈಫಲ್‌ನ ತೂಕ 3.1 ಕಿಲೋ, ಟ್ರಿಗರ್ ಎಳೆಯಲು ತಕ್ಕಡಿಯಲ್ಲಿ ಸುಮಾರು 3.5 ಕಿಲೋ ತೋರಿಸುತ್ತದೆ. ನೂರು ಮೀಟರಿನಲ್ಲಿ ಗುಂಡುಗಳು 12 ಸೆಂಟಿಮೀಟರ್ ಅಗಲಕ್ಕೆ ಚದುರುತ್ತವೆ. ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿ, ಸಿಯರ್ (ಏರಿಸಿದ ಕುದುರೆಯನ್ನು ತಡೆದು ಹಿಡಿಯುವ ಭಾಗ) ಕಚ್ಚನ್ನು ಎಮರಿ ಪೇಪರಿನಿಂದ ಉಜ್ಜಿದರೆ ಹಗುರವಾಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ಹಾಗೆ ಮಾಡಬಹುದೇ? ಬೇಟೆ ರೈಫಲ್‌ಗೆ ಎಷ್ಟು ಭಾರದ ಟ್ರಿಗರ್ ಸರಿ?

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ರೈಫಲ್‌ನ ತೂಕಕ್ಕಿಂತ ಹೆಚ್ಚು ಬಲವನ್ನು ಒಂದೇ ಬೆರಳಿನಿಂದ ಹಾಕಬೇಕಾದಾಗ ರೈಫಲ್ ಅಲುಗದೆ ನಿಲ್ಲಬೇಕೆಂದು ಬಯಸುವುದು ಕಷ್ಟ. ಒಂದು ಮೀಟರ್ ಉದ್ದದ ರೈಫಲ್‌ನಲ್ಲಿ ಭುಜದ ತುದಿ ಸ್ಥಿರವಾಗಿದ್ದು ನಳಿಗೆಯ ಬಾಯಿ ಕೇವಲ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ನೂರು ಮೀಟರ್ ದೂರದಲ್ಲಿ ಗುಂಡು ಹತ್ತು ಸೆಂಟಿಮೀಟರ್ ಆಚೆ ಬೀಳುತ್ತದೆ. ಆದರೆ ಪರಿಚಯದವರು ಹೇಳಿದ ಎರಡು ಕೆಲಸಗಳನ್ನೂ ದಯವಿಟ್ಟು ಮಾಡಬೇಡಿ. ಅವೆರಡೂ ಏಕೆ ಬೇಡ, ಅವುಗಳ ಬದಲು ಏನು ಮಾಡಬಹುದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಅರ್ಧ ತಿಳಿದು ಕೈ ಹಾಕಿದವರಿಂದಲೇ ಹೆಚ್ಚು ರೈಫಲ್‌ಗಳು ಕೆಟ್ಟು ನನ್ನ ಮೇಜಿಗೆ ಬಂದಿವೆ.

ಮೊದಲ ಮಾತು: ಕೆಳಗೆ ಹೇಳುವ ಪ್ರತಿಯೊಂದು ಪರೀಕ್ಷೆಯೂ ಖಾಲಿ ರೈಫಲ್‌ನಲ್ಲೇ ನಡೆಯಬೇಕು. ನಳಿಗೆಯನ್ನು ತೆರೆದು ಕಣ್ಣಿನಿಂದಲೂ ಬೆರಳಿನಿಂದಲೂ ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಇರುವುದನ್ನು ಖಚಿತಪಡಿಸಿಕೊಳ್ಳಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ, ಅನಂತರ ತೋಟಾವನ್ನು ಹೊಡೆದು ಹೊತ್ತಿಸುವ ಫೈರಿಂಗ್ ಪಿನ್ನಿಗೆ ಪೆಟ್ಟಾಗದಂತೆ ಚೇಂಬರಿಗೆ ಅಭ್ಯಾಸದ ನಕಲಿ ತೋಟಾ, ಅಂದರೆ ಸ್ನ್ಯಾಪ್ ಕ್ಯಾಪ್ ಹಾಕಿ. ನೀವಿರುವಲ್ಲಿ ಆಯುಧದ ಒಳಭಾಗವನ್ನು ಮಾಲೀಕರೇ ಬಿಚ್ಚಲು ಕಾನೂನು ಅವಕಾಶ ಕೊಡುತ್ತದೆಯೇ, ಬಿಚ್ಚಿದರೆ ತಯಾರಕರ ಖಾತರಿ ಉಳಿಯುತ್ತದೆಯೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ.

ಈಗ ಭಾರ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಕುದುರೆಯನ್ನು ಪೂರ್ತಿ ಹಿಂದಕ್ಕೆ ಎಳೆದಾಗ ಅದರ ಹಿಂದಿನ ಮುಖ್ಯ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಆ ಒತ್ತಡವನ್ನೆಲ್ಲ ಕುದುರೆಯ ಬುಡದಲ್ಲಿರುವ ಒಂದು ಸಣ್ಣ ಕಚ್ಚು ಮತ್ತು ಅದರಲ್ಲಿ ಕೂತಿರುವ ಸಿಯರ್‌ನ ಅಂಚು ತಡೆದು ಹಿಡಿಯುತ್ತವೆ. ಟ್ರಿಗರ್ ಎಳೆಯುವುದೆಂದರೆ ಆ ಅಂಚನ್ನು ಕಚ್ಚಿನಿಂದ ಜಾರಿಸುವುದು. ಆದ್ದರಿಂದ ಬೆರಳಿಗೆ ತಾಗುವ ಭಾರದಲ್ಲಿ ಹಲವು ಪಾಲುಗಳಿವೆ: ಮುಖ್ಯ ಸ್ಪ್ರಿಂಗ್ ಒತ್ತುತ್ತಿರುವಾಗ ಎರಡು ಉಕ್ಕಿನ ಮುಖಗಳ ನಡುವೆ ಹುಟ್ಟುವ ಘರ್ಷಣೆ, ಟ್ರಿಗರನ್ನು ಮುಂದಕ್ಕೆ ಮರಳಿಸುವ ಸಣ್ಣ ಸ್ಪ್ರಿಂಗಿನ ಬಲ, ಟ್ರಿಗರ್ ತಿರುಗುವ ಪಿನ್ನಿನ ಸುತ್ತಲಿನ ಉಜ್ಜಾಟ, ಎಚ್ ಅಂಡ್ ಆರ್ ಹ್ಯಾಂಡಿ ರೈಫಲ್‌ನಂತಹ ರಚನೆಗಳಲ್ಲಿ, ನಿಮ್ಮದರಲ್ಲಿ ಇರುವಂತೆಯೇ, ಟ್ರಾನ್ಸ್‌ಫರ್ ಬಾರ್ ಅನ್ನು ಮೇಲಕ್ಕೆತ್ತುವ ಶ್ರಮ. ಇವಲ್ಲದೆ ಕಚ್ಚಿನ ಕೋನವೂ ಒಂದು ಕಾರಣ. ಸುರಕ್ಷತೆಗಾಗಿ ತಯಾರಕರು ಕಚ್ಚನ್ನು ಸ್ವಲ್ಪ ಒಳಮುಖವಾಗಿ ಕೊರೆಯುತ್ತಾರೆ, ಅಂದರೆ ಟ್ರಿಗರ್ ಎಳೆಯುವಾಗ ಕುದುರೆ ಬೀಳುವ ಮೊದಲು ಕೂದಲೆಳೆಯಷ್ಟು ಹಿಂದಕ್ಕೆ ಸರಿಯಬೇಕಾಗುತ್ತದೆ. ಆ ಹಿಂದಿನ ಸರಿತ ಮುಖ್ಯ ಸ್ಪ್ರಿಂಗಿಗೆ ಎದುರಾದ ಕೆಲಸ; ಅದೂ ನಿಮ್ಮ ಬೆರಳಿನ ಮೇಲೇ ಬರುತ್ತದೆ. ಈ ಒಳಮುಖ ಕೋನವೇ, ರೈಫಲ್‌ಗೆ ಪೆಟ್ಟು ಬಿದ್ದಾಗ ಸಿಯರ್ ಹೊರಗೆ ಜಾರದೆ ಮತ್ತೆ ಕಚ್ಚಿನೊಳಕ್ಕೇ ಕೂರುವಂತೆ ಮಾಡುತ್ತದೆ.

ಇಷ್ಟು ಪಾಲುಗಳಿರುವಾಗ ನಿಮ್ಮ 3.5 ಕಿಲೋದಲ್ಲಿ ಯಾವುದರ ಪಾಲು ಎಷ್ಟು ಎಂದು ತಿಳಿಯದೆ ಯಾವುದನ್ನೂ ಸರಿಪಡಿಸಲು ಆಗದು. ಅದೃಷ್ಟಕ್ಕೆ ಹೊರಗೆ ಕುದುರೆ ಇರುವ ರೈಫಲ್‌ನಲ್ಲಿ ಈ ಲೆಕ್ಕ ಬಿಡಿಸುವುದು ಸುಲಭ. ಮೊದಲು ಅಳತೆಯ ಕ್ರಮ ಸರಿಯಾಗಿರಲಿ. ಟ್ರಿಗರ್ ಒಂದು ಸನ್ನೆಕೋಲು. ಪಿನ್ನಿನಿಂದ 25 ಮಿಲಿಮೀಟರ್ ಕೆಳಗೆ ಎಳೆದಾಗ 3.5 ಕಿಲೋ ಬೇಕಾದರೆ, 30 ಮಿಲಿಮೀಟರ್ ಕೆಳಗೆ ಎಳೆದಾಗ 2.9 ಕಿಲೋ ಸಾಕಾಗುತ್ತದೆ. ಆದ್ದರಿಂದ ನಿಮ್ಮ ಬೆರಳು ನಿಜವಾಗಿ ಕೂರುವ ಜಾಗದಲ್ಲೇ ತಕ್ಕಡಿಯ ಕೊಕ್ಕೆಯನ್ನು ಸಿಕ್ಕಿಸಿ, ನಳಿಗೆಗೆ ಸಮಾನಾಂತರವಾಗಿ, ನಿಧಾನವಾಗಿ, ಒಂದೇ ವೇಗದಲ್ಲಿ ಎಳೆಯಿರಿ. ಹತ್ತು ಸಲ ಎಳೆದು ಹತ್ತನ್ನೂ ಬರೆದಿಡಿ. ಸರಾಸರಿಯಷ್ಟೇ ಮುಖ್ಯವಾದದ್ದು ಹತ್ತರ ನಡುವಿನ ಅಂತರ: ಹತ್ತೂ ಸಲ 3.4ರಿಂದ 3.6ರ ಒಳಗೆ ಬಂದರೆ ಭಾರ ಸ್ಪ್ರಿಂಗ್ ಮತ್ತು ಕೋನದ್ದು, ಒಮ್ಮೆ 2.8, ಇನ್ನೊಮ್ಮೆ 4 ಎಂದು ಹಾರಾಡಿದರೆ ಕೊಳೆ, ಗಟ್ಟಿಯಾದ ಜಿಡ್ಡು ಅಥವಾ ಎಲ್ಲೋ ಉಜ್ಜುತ್ತಿರುವ ಅಂಚಿನ ಕೆಲಸ ಎಂದು ಬಹುಮಟ್ಟಿಗೆ ಹೇಳಬಹುದು.

ಎರಡನೆಯ ಅಳತೆಗೆ ಒಬ್ಬರ ಸಹಾಯ ಬೇಕಾದೀತು. ಕುದುರೆಯನ್ನು ಪೂರ್ತಿ ಏರಿಸಿ, ಅದನ್ನು ಹೆಬ್ಬೆರಳಿನಿಂದ ಇನ್ನೂ ತುಸು ಹಿಂದಕ್ಕೆ ಎಳೆದು ಹಾಗೆಯೇ ಹಿಡಿದುಕೊಳ್ಳಿ. ಈಗ ಮುಖ್ಯ ಸ್ಪ್ರಿಂಗಿನ ಒತ್ತಡ ಸಿಯರ್ ಮೇಲಿಲ್ಲ. ಈ ಸ್ಥಿತಿಯಲ್ಲಿ ಟ್ರಿಗರ್ ಎಳೆಯಲು ತಕ್ಕಡಿ ತೋರಿಸುವುದು ಮರಳಿಸುವ ಸ್ಪ್ರಿಂಗ್, ಪಿನ್ ಮತ್ತು ಟ್ರಾನ್ಸ್‌ಫರ್ ಬಾರ್‌ಗಳ ಪಾಲು ಮಾತ್ರ. ಅದು 1.2 ಕಿಲೋ ಬಂತು ಎಂದುಕೊಳ್ಳಿ, ಉಳಿದ 2.3 ಕಿಲೋ ಕಚ್ಚಿನ ಘರ್ಷಣೆ ಮತ್ತು ಕೋನದ್ದು. ಮೂರನೆಯ ಅಳತೆಯನ್ನು, ತಯಾರಕರ ಕೈಪಿಡಿ ಅನುಮತಿಸುವುದಾದರೆ, ಮರದ ಹಿಡಿಯನ್ನು ಕಳಚಿ ಮಾಡಿ. ಹಿಡಿ ಇದ್ದಾಗ ಮತ್ತು ಇಲ್ಲದಿದ್ದಾಗ ಭಾರದಲ್ಲಿ ವ್ಯತ್ಯಾಸ ಕಂಡರೆ ತಪ್ಪು ಉಕ್ಕಿನಲ್ಲಿಲ್ಲ, ಮರದಲ್ಲಿದೆ. ಈ ಮೂರನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಒಮ್ಮೆ ನನ್ನ ಬಳಿಗೆ ಬಂದ ಒಂದು ರೈಫಲ್‌ನ ಟ್ರಿಗರ್ ನಾಲ್ಕು ಕಿಲೋದ ಹತ್ತಿರ ಇತ್ತು. ತೇವದ ತಿಂಗಳುಗಳಲ್ಲಿ ಉಬ್ಬಿದ ಮರ ಟ್ರಿಗರ್‌ನ ಒಂದು ಪಕ್ಕವನ್ನು ಒತ್ತುತ್ತಿತ್ತು. ಒತ್ತುವ ಜಾಗದಲ್ಲಿ ಮರ ಹೊಳಪಾಗಿ, ಕಪ್ಪು ಗುರುತು ಮೂಡಿತ್ತು. ಆ ಗುರುತಿನಷ್ಟೇ ಮರವನ್ನು ಹೆರೆದು, ಬರಿಯ ಮರಕ್ಕೆ ಮತ್ತೆ ತೇವ ಹಿಡಿಯದಂತೆ ಎಣ್ಣೆ ಬಳಿದ ಮೇಲೆ ಭಾರ ಎರಡೂವರೆ ಕಿಲೋಗೆ ಇಳಿಯಿತು. ಉಕ್ಕಿನ ಒಂದು ಭಾಗವನ್ನೂ ಮುಟ್ಟಬೇಕಾಗಲಿಲ್ಲ.

ಅಳತೆ ಮುಗಿದ ಮೇಲೆ ಮೊದಲ ಚಿಕಿತ್ಸೆ ಶುಚಿಗೊಳಿಸುವುದು. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಿರಲಿ ಎಂದು ಹಾಕಿದ ಜಿಡ್ಡು ವರ್ಷಗಳಲ್ಲಿ ಅಂಟಿನಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಮದ್ದಿನ ಮಸಿ, ಧೂಳು, ಹಿಡಿಯ ಮರದ ಪುಡಿ ಸೇರುತ್ತವೆ. ಬೆಂಕಿಯಿಂದ ದೂರದಲ್ಲಿ, ಗಾಳಿಯಾಡುವ ಜಾಗದಲ್ಲಿ, ಬಂದೂಕಿಗೆಂದೇ ಮಾರುವ ದ್ರಾವಕದಿಂದ ಇಡೀ ಒಳಭಾಗವನ್ನು ತೊಳೆದು, ಪೂರ್ತಿ ಒಣಗಲು ಬಿಡಿ. ಅನಂತರ ಪಿನ್ನುಗಳಿಗೆ ತೆಳು ಎಣ್ಣೆಯ ಒಂದು ಹನಿ, ಕಚ್ಚು ಮತ್ತು ಸಿಯರ್ ಸೇರುವ ಜಾಗಕ್ಕೆ ಬೆಂಕಿಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ಗ್ರೀಸ್. ಒಣ ಉಕ್ಕಿನ ಮೇಲೆ ಉಕ್ಕು ಜಾರುವಾಗ ಘರ್ಷಣೆಯ ಗುಣಾಂಕ 0.5ನ್ನೂ ಮೀರಬಹುದು, ಸರಿಯಾದ ಜಿಡ್ಡಿದ್ದರೆ ಅದು 0.1ರ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ ಭಾರದ ದೊಡ್ಡ ಪಾಲು ಈ ಜಾಗದ್ದೇ ಆಗಿದ್ದರೆ ಇಷ್ಟರಿಂದಲೇ ಆಗುವ ಬದಲಾವಣೆ ನಿಮಗೆ ಆಶ್ಚರ್ಯ ತರಬಹುದು. ಜಿಡ್ಡನ್ನು ಧಾರಾಳವಾಗಿ ಮಾತ್ರ ಬಳಿಯಬೇಡಿ: ಹೆಚ್ಚಾದದ್ದು ಧೂಳನ್ನು ಹಿಡಿಯುತ್ತದೆ, ತೀವ್ರ ಚಳಿಯಲ್ಲಿ ದಪ್ಪಗಾಗಿ ಟ್ರಿಗರ್ ಮರಳುವುದನ್ನೇ ನಿಧಾನ ಮಾಡುತ್ತದೆ.

ತಿರುಪುಗಳು ಸಡಿಲವಾಗಿದ್ದರೆ ಬಿಗಿಗೊಳಿಸಿ, ಆದರೆ ಟ್ರಿಗರ್‌ನ ಆಸುಪಾಸಿನ ತಿರುಪುಗಳಿಗೆ ಅಂಟು ದ್ರವ ಹಾಕುವಾಗ ಬಹಳ ಎಚ್ಚರ ಇರಲಿ. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಾಗ ಕೊಟ್ಟ ಕಾರಣ, ಜೋಡಣೆಯ ವೇಳೆ ಹೆಚ್ಚಾಗಿ ಹಾಕಿದ ಅಂಟು ಕೆಲವು ಸಂದರ್ಭಗಳಲ್ಲಿ ತಾನಾಗಿ ಗುಂಡು ಹಾರಲು ಕಾರಣವಾಗಬಹುದು ಎಂಬುದೇ ಆಗಿತ್ತು. ಅವು ಬೋಲ್ಟ್ ರೈಫಲ್‌ಗಳು, ನಿಮ್ಮದು ಬೇರೆ ಜಾತಿ. ಆದರೆ ಒಂದು ಹನಿ ಅಂಟು ಎಷ್ಟು ದೂರ ಹರಿಯಬಲ್ಲದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಶುಚಿ ಮಾಡಿದ ಮೇಲೆ ಸ್ನ್ಯಾಪ್ ಕ್ಯಾಪ್ ಹಾಕಿ ಕೆಲವು ನೂರು ಸಲ ಟ್ರಿಗರ್ ಎಳೆಯಿರಿ. ಹೊಸ ರೈಫಲ್‌ನ ಕಚ್ಚು ಮತ್ತು ಸಿಯರ್ ಮುಖಗಳಲ್ಲಿ ಕೊರೆಯುವ ಯಂತ್ರದ ಗೆರೆಗಳು ಉಳಿದಿರುತ್ತವೆ. ಅವು ಒಂದರ ಮೇಲೊಂದು ಸವೆದು ಹೊಂದಿಕೊಳ್ಳುವುದು ಈ ಬಳಕೆಯಿಂದಲೇ. ಇದು ಕೋನವನ್ನು ಕೆಡಿಸದ ಪಾಲಿಶ್. ಮತ್ತೆ ಹತ್ತು ಸಲ ಅಳೆಯಿರಿ. ಭಾರ ಇಳಿಯುವುದಕ್ಕಿಂತ ಹೆಚ್ಚಾಗಿ, ಎಳೆತದ ನಡುವೆ ಕೈಗೆ ಸಿಗುತ್ತಿದ್ದ ಒರಟು ತೊಡರುಗಳು ಕಡಿಮೆಯಾಗಿರುವುದು ಗೊತ್ತಾಗುತ್ತದೆ. ನನ್ನ ಅನುಭವದಲ್ಲಿ, ಟ್ರಿಗರ್ ಭಾರ ಎಂದು ದೂರುವವರಲ್ಲಿ ಬಹಳಷ್ಟು ಜನರಿಗೆ ನಿಜವಾಗಿ ತೊಂದರೆ ಕೊಡುತ್ತಿರುವುದು ಭಾರವಲ್ಲ, ಈ ತೆವಳಾಟ. ಎರಡು ಕಿಲೋದಲ್ಲಿ ಗಾಜು ಒಡೆದಂತೆ ಒಮ್ಮೆಗೇ ಬಿಡುವ ಟ್ರಿಗರ್, ಒಂದೂವರೆ ಕಿಲೋದಲ್ಲಿ ಮೂರು ಕಡೆ ತೊಡರಿ ಬಿಡುವ ಟ್ರಿಗರ್‌ಗಿಂತ ಎಷ್ಟೋ ಮೇಲು.

ಇನ್ನು ಸ್ಪ್ರಿಂಗ್ ಕತ್ತರಿಸುವ ಸಲಹೆ. ಸುರುಳಿ ಸ್ಪ್ರಿಂಗಿನ ಗಡಸುತನ ಅದರ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮ. ಹತ್ತು ಸುತ್ತಿನಲ್ಲಿ ಎರಡನ್ನು ಕತ್ತರಿಸಿದರೆ ಉಳಿದ ಎಂಟು ಸುತ್ತಿನ ಸ್ಪ್ರಿಂಗ್ ಶೇಕಡಾ 25ರಷ್ಟು ಹೆಚ್ಚು ಗಡಸಾಗುತ್ತದೆ. ಉದ್ದ ಕಡಿಮೆಯಾದ್ದರಿಂದ ಆರಂಭದ ಒತ್ತಡ ಇಳಿಯುತ್ತದೆ ನಿಜ, ಆದರೆ ಎಳೆದಂತೆಲ್ಲ ಬಲ ಬೇಗ ಏರುತ್ತದೆ. ಕತ್ತರಿಸಿದ ತುದಿ ಸಮತಟ್ಟಾಗಿ ಕೂರದೆ ಸ್ಪ್ರಿಂಗ್ ಬಾಗಿ ಪಕ್ಕಕ್ಕೆ ಉಜ್ಜುತ್ತದೆ. ಕತ್ತರಿಸಿದ್ದು ಮುಖ್ಯ ಸ್ಪ್ರಿಂಗ್ ಆದರೆ ಕುದುರೆಯ ಪೆಟ್ಟು ದುರ್ಬಲವಾಗಿ ಪ್ರೈಮರ್ (ತೋಟಾದ ಬುಡದಲ್ಲಿರುವ ಕಿಡಿಮದ್ದು) ಕೆಲವೊಮ್ಮೆ ಹೊತ್ತಿಕೊಳ್ಳುವುದಿಲ್ಲ, ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಗುಂಡು ಹಾರಲಿಲ್ಲವೆಂದು ನಳಿಗೆ ತೆರೆಯುವ ಹೊತ್ತಿಗೆ ತಡವಾಗಿ ಹೊತ್ತಿಕೊಂಡ ತೋಟಾ ಏನು ಮಾಡಬಲ್ಲದು ಎಂದು ಯೋಚಿಸಿ. ಕತ್ತರಿಸಿದ್ದು ಮರಳಿಸುವ ಸ್ಪ್ರಿಂಗ್ ಆದರೆ ಅಪಾಯ ಇನ್ನೂ ಗುಪ್ತವಾದದ್ದು. ನಿಮ್ಮ ರೈಫಲ್‌ನಲ್ಲಿ ಟ್ರಿಗರ್ ಎಳೆದು ಹಿಡಿದಿರುವಾಗ ಮಾತ್ರ ಟ್ರಾನ್ಸ್‌ಫರ್ ಬಾರ್ ಮೇಲೆದ್ದು ಕುದುರೆಯ ಪೆಟ್ಟನ್ನು ಫೈರಿಂಗ್ ಪಿನ್ನಿಗೆ ದಾಟಿಸುತ್ತದೆ; ಟ್ರಿಗರ್ ಬಿಟ್ಟ ಕೂಡಲೇ ಅದು ಕೆಳಗಿಳಿದು, ಕುದುರೆ ಅಕಸ್ಮಾತ್ ಬಿದ್ದರೂ ಪಿನ್ನಿಗೆ ತಾಗದಂತೆ ಕಾಯುತ್ತದೆ. ಮರಳಿಸುವ ಸ್ಪ್ರಿಂಗ್ ಸೋತರೆ ಬಾರ್ ಮೇಲೆಯೇ ಉಳಿಯಬಹುದು. ಆಗ ಹೆಬ್ಬೆರಳು ಜಾರಿ ಕುದುರೆ ಬಿದ್ದ ದಿನ ನಿಮ್ಮನ್ನು ಕಾಯಬೇಕಾದ ವ್ಯವಸ್ಥೆಯೇ ಇರುವುದಿಲ್ಲ. ಹಗುರ ಸ್ಪ್ರಿಂಗ್ ಬೇಕೇಬೇಕಾದರೆ ನಿಮ್ಮ ಮಾದರಿಗೆಂದೇ ತಯಾರಿಸಿ ಪರೀಕ್ಷಿಸಿದ ಸ್ಪ್ರಿಂಗನ್ನು ಹಾಕಿಸಿ, ಹಳೆಯದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅದೂ ಎರಡನೆಯ ಅಳತೆಯಲ್ಲಿ ಮರಳಿಸುವ ಸ್ಪ್ರಿಂಗಿನ ಪಾಲು ದೊಡ್ಡದೆಂದು ಕಂಡರೆ ಮಾತ್ರ.

ಎಮರಿ ಪೇಪರಿನ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಎಷ್ಟೋ ರೈಫಲ್‌ಗಳಲ್ಲಿ ಕುದುರೆ ಮತ್ತು ಸಿಯರ್‌ಗಳ ಮೇಲ್ಪದರಕ್ಕೆ ಮಾತ್ರ ಗಡಸು ಹದ ಕೊಟ್ಟಿರುತ್ತಾರೆ. ಒಳಗಿನ ಉಕ್ಕು ಪೆಟ್ಟು ತಾಳಲೆಂದು ಮೆದುವಾಗಿಯೇ ಇರುತ್ತದೆ. ಆ ಗಡಸು ಪದರ ಬಹಳ ತೆಳು. ಅದನ್ನು ಉಜ್ಜಿ ದಾಟಿದರೆ ಟ್ರಿಗರ್ ಮೊದಲ ವಾರ ಬೆಣ್ಣೆಯಂತೆ ಇರುತ್ತದೆ, ಅನಂತರ ಮೆದು ಉಕ್ಕು ಸವೆದು ಕಚ್ಚಿನ ಆಕಾರವೇ ಬದಲಾಗುತ್ತದೆ. ಬೆರಳಿನಲ್ಲಿ ಹಿಡಿದ ಕಾಗದ ಅಂಚನ್ನು ದುಂಡಗೆ ಮಾಡದೆ ಬಿಡುವುದೂ ಇಲ್ಲ. ದುಂಡಾದ ಅಂಚಿನಲ್ಲಿ ಒಳಮುಖ ಕೋನ ಹೊರಮುಖವಾಗಲು ಹೆಚ್ಚು ಹೊತ್ತು ಬೇಡ. ಹೊರಮುಖ ಕೋನದ ಕಚ್ಚಿನಲ್ಲಿ ಕುದುರೆಯ ಒತ್ತಡವೇ ಸಿಯರನ್ನು ಹೊರಗೆ ತಳ್ಳುತ್ತಿರುತ್ತದೆ. ಮನೆಯಲ್ಲಿ ಉಜ್ಜಿದ ಒಂದು ರೈಫಲ್‌ನಲ್ಲಿ ಕುದುರೆ ಏರಿಸಿದ ಮೇಲೆ ಹಿಡಿಗೆ ಸಣ್ಣದೊಂದು ತಟ್ಟು ತಾಗಿದ್ದಕ್ಕೇ ಗುಂಡು ಹಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಿಯರ್ ಜಾರಿದ್ದಷ್ಟೇ ಅಲ್ಲ, ಅದರ ಟ್ರಾನ್ಸ್‌ಫರ್ ಬಾರ್ ಕೂಡ ಕೊಳೆಯಿಂದ ಮೇಲೆಯೇ ಸಿಕ್ಕಿಕೊಂಡಿತ್ತು. ನಳಿಗೆಯ ಬಾಯಿ ನೆಲದ ಕಡೆಗಿದ್ದುದರಿಂದ ಮಣ್ಣು ಮಾತ್ರ ಹಾರಿತು.

ಈ ಕೆಲಸ ಅಸಾಧ್ಯವೆಂದಲ್ಲ. ನುರಿತ ಬಂದೂಕು ಕಮ್ಮಾರರು ಭಾಗವನ್ನು ಕೋನ ಕದಲದಂತೆ ಹಿಡಿಯುವ ಜಿಗ್‌ನಲ್ಲಿ ಕೂರಿಸಿ, ನುಣ್ಣನೆಯ ಸಾಣೆಕಲ್ಲಿನಿಂದ, ಭೂತಗನ್ನಡಿಯಡಿ ನೋಡುತ್ತ, ಗೆರೆಗಳನ್ನು ಮಾತ್ರ ಅಳಿಸುತ್ತಾರೆ. ಕೋನವನ್ನೂ ಹಿಡಿತದ ಆಳವನ್ನೂ ಉಳಿಸುತ್ತಾರೆ. ರಚನೆಯೂ ಇಲ್ಲಿ ಮುಖ್ಯ. 1871ರಲ್ಲಿ ಬ್ರಿಟಿಷ್ ಸೇನೆ ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ಸೈನಿಕರ ಒರಟು ಬಳಕೆಗೆ ತಕ್ಕ ಸಿಂಗಲ್ ಶಾಟ್ ರೈಫಲ್. ಅದೇ ಮಾರ್ಟಿನಿ ತತ್ವದ ಮೇಲೆ ಬಿಎಸ್‌ಎ ಕಂಪನಿ ಮುಂದೆ ತಯಾರಿಸಿದ .22 ಅಂಗುಲ ನಳಿಗೆ ವ್ಯಾಸದ ಗುರಿ ರೈಫಲ್‌ಗಳು ನಯವಾದ ಟ್ರಿಗರ್‌ಗೆ ಹೆಸರಾದವು. ವ್ಯತ್ಯಾಸ ಬಂದದ್ದು ಭಾಗಗಳನ್ನು ಆ ಉದ್ದೇಶಕ್ಕೆಂದೇ ರೂಪಿಸಿದ್ದರಿಂದ, ಉಜ್ಜಿದ್ದರಿಂದಲ್ಲ. ಹಳೆಯ ಶಾರ್ಪ್ಸ್ ಮತ್ತು ವಿಂಚೆಸ್ಟರ್ 1885 ಮಾದರಿಗಳಲ್ಲಿ ಕಾಣುವ ಜೋಡಿ ಸೆಟ್ ಟ್ರಿಗರ್ ಇನ್ನೊಂದು ದಾರಿ: ಹಿಂದಿನದನ್ನು ಎಳೆದು ಸಜ್ಜುಗೊಳಿಸಿದರೆ ಮುಂದಿನದು ಬಹಳ ಹಗುರವಾಗಿ ಬಿಡುತ್ತದೆ. ನಿಮ್ಮ ಮಾದರಿಗೆ ಹೊಂದುವ ಪೂರ್ತಿ ಟ್ರಿಗರ್ ಜೋಡಣೆ ಸಿಗುವುದಾದರೆ, ಇರುವುದನ್ನು ಉಜ್ಜಿಸುವುದಕ್ಕಿಂತ ಅದನ್ನು ಹಾಕಿಸುವುದನ್ನೇ ನಾನು ಆಯ್ದುಕೊಳ್ಳುತ್ತೇನೆ.

ಎಷ್ಟು ಭಾರ ಸರಿ ಎಂಬ ಪ್ರಶ್ನೆಗೆ: ಬೇಟೆಯ ರೈಫಲ್‌ಗೆ 1.4ರಿಂದ 1.8 ಕಿಲೋ ಒಳ್ಳೆಯ ಗುರಿ. ಕುದುರೆ ಹೊರಗಿರುವ, ಸರಳ ರಚನೆಯ ನಿಮ್ಮಂತಹ ರೈಫಲ್‌ನಲ್ಲಿ ಎರಡು ಕಿಲೋದ ಆಸುಪಾಸಿಗೆ ಬಂದರೂ ನಾನು ತೃಪ್ತನಾಗಿ ಅಲ್ಲಿಗೇ ನಿಲ್ಲಿಸುತ್ತೇನೆ. ಮೇಜಿನ ಮೇಲೆ ಮರಳಿನ ಚೀಲವಿಟ್ಟು ಗುರಿ ಹಿಡಿಯುವವರು ಅದಕ್ಕಿಂತ ಬಹಳ ಹಗುರವಾದದ್ದನ್ನು ಬಳಸುತ್ತಾರೆ. ಆದರೆ ಅವರ ಕೈ ಬೆಚ್ಚಗಿರುತ್ತದೆ, ಅವರು ನಡೆಯುತ್ತಿರುವುದಿಲ್ಲ, ಕೈಗವಸು ಹಾಕಿರುವುದಿಲ್ಲ. ಚಳಿಗೆ ಮರಗಟ್ಟಿದ ಬೆರಳು ಅರ್ಧ ಕಿಲೋದ ಭಾರವನ್ನು ಗುರುತಿಸುವ ಮೊದಲೇ ಗುಂಡು ಹಾರಿರುತ್ತದೆ.

ಟ್ರಿಗರ್‌ಗೆ ಯಾರೇ ಕೈ ಹಾಕಿರಲಿ, ಕಮ್ಮಾರರೇ ಮಾಡಿರಲಿ, ಅನಂತರದ ಪರೀಕ್ಷೆ ತಪ್ಪಿಸುವಂತಿಲ್ಲ. ಸ್ನ್ಯಾಪ್ ಕ್ಯಾಪ್ ಹಾಕಿ, ಕುದುರೆ ಪೂರ್ತಿ ಏರಿಸಿ, ಹಿಂದಿನಿಂದ ಹೆಬ್ಬೆರಳಿನಿಂದ ಬಲವಾಗಿ ಮುಂದಕ್ಕೆ ಒತ್ತಿ, ಬೀಳಬಾರದು. ದಪ್ಪ ರಬ್ಬರ್ ಹಾಸಿನ ಮೇಲೆ ಹಿಡಿಯ ಬುಡವನ್ನು ಒಂದು ಗೇಣಿನ ಎತ್ತರದಿಂದ ಹಲವು ಸಲ ಕುಟ್ಟಿ, ಬೀಳಬಾರದು. ಪಕ್ಕಗಳಿಗೂ ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡಿ. ಟ್ರಿಗರನ್ನು ಅರ್ಧ ಎಳೆದು ಬಿಟ್ಟಾಗ ಅದು ತಾನಾಗಿ ಪೂರ್ತಿ ಮುಂದಕ್ಕೆ ಮರಳಬೇಕು, ಟ್ರಾನ್ಸ್‌ಫರ್ ಬಾರ್ ಕೆಳಗಿಳಿಯುವುದು ಕಣ್ಣಿಗೆ ಕಾಣಬೇಕು. ಅರ್ಧ ಕಚ್ಚು (ಕುದುರೆ ಅರ್ಧ ಏರಿದಲ್ಲಿ ನಿಲ್ಲುವ ಕಚ್ಚು) ಇರುವ ಮಾದರಿಯಾದರೆ ಅಲ್ಲಿ ನಿಲ್ಲಿಸಿ ಟ್ರಿಗರ್ ಎಳೆದಾಗಲೂ ಕುದುರೆ ಬಿಡಬಾರದು. ಪ್ರತಿಯೊಂದನ್ನೂ ಹತ್ತು ಹತ್ತು ಸಲ ಮಾಡಿ. ಒಂದೇ ಒಂದು ಸಲ ತಪ್ಪಿದರೂ ಆ ರೈಫಲ್‌ಗೆ ತೋಟಾ ತುಂಬಬೇಡಿ.

ಕೊನೆಯದಾಗಿ, 12 ಸೆಂಟಿಮೀಟರ್ ಚದುರುವಿಕೆಯ ಹೊಣೆಯನ್ನೆಲ್ಲ ಟ್ರಿಗರ್ ಮೇಲೆ ಹೊರಿಸುವ ಮೊದಲು ಎರಡು ಸಂಗತಿ ನೋಡಿ. ಮಡಚಿ ತೆರೆಯುವ ರೈಫಲ್‌ಗಳಲ್ಲಿ ಮುಂಗೈ ಹಿಡಿಯ ಮರ ನಳಿಗೆಗೇ ತಗುಲಿಕೊಂಡಿರುತ್ತದೆ. ಅದನ್ನು ಚೀಲದ ಮೇಲೆ ಇಡುವ ಜಾಗ ಒಂದು ಸಲ ಮುಂದೆ, ಒಂದು ಸಲ ಹಿಂದೆ ಆದರೆ ನಳಿಗೆಯ ಮೇಲಿನ ಒತ್ತಡ ಬದಲಾಗಿ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆ ಜಾಗಕ್ಕೆ ಒಂದು ಗುರುತು ಹಾಕಿಕೊಂಡು ಪ್ರತಿ ಸಲ ಅಲ್ಲೇ ಇಡಿ. ಎರಡನೆಯದಾಗಿ, ಶೂಟಿಂಗ್ ರೇಂಜಿನಲ್ಲಿ ನಂಬಿಕಸ್ಥ ಜೊತೆಗಾರರೊಬ್ಬರು ನಿಮಗೆ ಕಾಣದಂತೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಸ್ನ್ಯಾಪ್ ಕ್ಯಾಪ್ ತುಂಬಿಕೊಡಲಿ. ರೈಫಲ್‌ನ ಬಾಯಿ ಇಡೀ ಹೊತ್ತು ಗುರಿಯ ಕಡೆಗೇ ಇರಲಿ. ಸ್ನ್ಯಾಪ್ ಕ್ಯಾಪ್ ಬಂದಾಗ ನಳಿಗೆ ಕೆಳಕ್ಕೆ ಕುಸಿದರೆ ನೀವು ಗುಂಡಿನ ಸದ್ದಿಗೆ ಮೊದಲೇ ಬೆದರುತ್ತಿದ್ದೀರಿ, ಅದಕ್ಕೆ ಔಷಧ ಅಭ್ಯಾಸ. ಪಕ್ಕಕ್ಕೆ ಎಳೆದುಕೊಂಡು ಹೋದರೆ ಟ್ರಿಗರ್‌ನ ಭಾರ ನಿಜವಾಗಿಯೂ ನಿಮ್ಮ ಗುರಿಯನ್ನು ಕೆಡಿಸುತ್ತಿದೆ.

ಹಾಗೆ ಪಕ್ಕಕ್ಕೆ ಹೋದದ್ದೇ ಆದರೆ, ಶುಚಿ ಮಾಡುವ ಮೊದಲಿನ ಮತ್ತು ಅನಂತರದ ಹತ್ತು ಹತ್ತು ಅಳತೆಗಳನ್ನೂ, ಕುದುರೆಯನ್ನು ಹಿಂದೆ ಹಿಡಿದಾಗ ಬಂದ ಅಂಕಿಯನ್ನೂ, ಕೊಕ್ಕೆ ಸಿಕ್ಕಿಸಿದ ಜಾಗದ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದು ರೈಫಲ್ ಜೊತೆಗೆ ಕಮ್ಮಾರರಿಗೆ ಕೊಡಿ. ಎರಡು ಕಿಲೋಗಿಂತ ಕೆಳಗೆ ಇಳಿಸುವುದು ಬೇಡವೆಂದು ಅದರಲ್ಲೇ ಬರೆಯಿರಿ. ಮರಳಿ ಪಡೆಯುವ ದಿನ ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಅವರ ಎದುರಿಗೇ ಮಾಡಿ.